ದೇವರನ್ನ ಹಡದಾಕಿ ಅನ್ನಬೇಕೋ ಬ್ಯಾಡೋ? ಮರಿಯಮ್ಮನ ಒಂದ ಹೆಸರಿನ ಮ್ಯಾಲ 1600 ವರ್ಷದ ಜಗಳ

ಜನವರಿ 1ಕ್ಕ ನಮ್ಮ ಆಫೀಸಿಗೆ ಬೆಳಗಾವಿ ಕ್ಯಾಂಪ್ ಕಡಿಂದ ಬರೋ ಗೆಳೆಯ ಒಬ್ಬಾಂವ ಡಬ್ಬಿ ತುಂಬ ನೆವ್ರಿ ತಂದಿದ್ದ. ನೆವ್ರಿ ಅಂದ್ರ ನಮ್ಮ ಕರ್ಚಿಕಾಯಿನ, ಕೊಂಕಣಿ ಕ್ಯಾಥೊಲಿಕ್ ಮಂದಿ ಕ್ರಿಸ್ಮಸ್ಸಿಗೆ ಮಾಡ್ತಾರ. ಹ್ಯಾಪಿ ನ್ಯೂ ಇಯರ್ ಅಂದೆ, ಅದಕ್ಕ ಅಂವ 'ನಮ್ಮಲ್ಲಿ ಇವತ್ತ ಬರೇ ನ್ಯೂ ಇಯರ್ ಅಲ್ಲೋ ದೋಸ್ತ, ದೇವಮಾತೆ ಹಬ್ಬ' ಅಂದ. ಬಾಜೂಕ ಕುಂತಿದ್ದ ಇನ್ನೊಬ್ಬ ಗೆಳೆಯ ಮೆಥಡಿಸ್ಟ್ ಅಂದ್ರ ಪ್ರಾಟೆಸ್ಟಂಟ್ ಮನಿತನದಾಂವ, ನೆವ್ರಿ ಕಡಕೋತನ 'ದೇವರಿಗೆ ಎಲ್ಲಿಂದ ತಾಯಿ ಬಂದ್ಲಪಾ, ಯೇಸುವಿನ ತಾಯಿ ಅನ್ನು, ಸಾಕು' ಅಂದ. ಇಬ್ಬರೂ ಕ್ರಿಶ್ಚಿಯನ್ನರು, ಇಬ್ಬರೂ ಪ್ರಾರ್ಥನೆ ಮಾಡೋದು ಅದ ಯೇಸುಸ್ವಾಮಿಗೆ, ಮತ್ತ ಅವನ ತಾಯಿ ಮರಿಯಮ್ಮನ ಹೆಸರಿಗೆ ಇದೇನು ತಂಟೆ ಅಂತ ನನಗ ತಿಳೀಲಿಲ್ಲ.

ನಾವು ಲಿಂಗಾಯತ ಮನಿಯವರು, ಸವದತ್ತಿ ಯಲ್ಲಮ್ಮನ ಗುಡ್ಡಕ್ಕೂ ಹೋಗೋರು, ದೇವರ ಜೋಡಿ ಅವ್ವ ಅನ್ನೋ ಶಬ್ದ ಬಂದ್ರ ನಮಗೇನೂ ಗಡಿಬಿಡಿ ಆಗಂಗಿಲ್ಲ. ಆದ್ರ ಶಿವ ಅಂದ್ರ ತಾಯಿ ತಂದಿ ಇಲ್ಲದಾಂವ, ಅಯೋನಿಜ, ಅಂತ ಮಠದ ಪ್ರವಚನದಾಗ ಕೇಳ್ಕೋತನ ಬೆಳದೀವಿ. ಹಂಗಾಗಿ ನನ್ನ ಕಿವಿಗೆ ಇಬ್ಬರ ಮಾತೂ ಖರೇನ ಅನಿಸ್ತು. ಮುಂದ ಒಂದೆರಡ ತಿಂಗಳು ಸಿಕ್ಕಿದ್ದೆಲ್ಲಾ ಓದಿದೆ, ಇಬ್ಬರನ್ನೂ ಕೇಳಿ ಕೇಳಿ ತಲಿ ತಿಂದೆ, ಕಡೀಕ ಗೊತ್ತಾಗಿದ್ದ ಏನಂದ್ರ ಇಲ್ಲಿ ಒಂದ ಜಗಳ ಇಲ್ಲ, ಎರಡ ಅದಾವ. ಮೊದಲನೇದ್ದು ಮಗನ ಬಗ್ಗೆ, ಎರಡನೇದ್ದು ತಾಯಿ ಬಗ್ಗೆ. ಮಂದಿ ಎರಡನೇದ್ದಕ್ಕ ಜಗಳಾಡ್ತಾ ಮೊದಲನೇದ್ದರ ಶಬ್ದ ಎಳದು ತರ್ತಾರ, ಅಲ್ಲೇ ಗೊಂದಲ ಆಗೋದು.

ಮೊದಲ ಶಬ್ದದಿಂದ ಹಿಡಿಯೋಣ. ಮೂಲ ಶಬ್ದ ಗ್ರೀಕಿಂದು, ಥಿಯೋಟೋಕೋಸ್. ಥಿಯೋಸ್ ಅಂದ್ರ ದೇವರು, ಟೋಕೋಸ್ ಅನ್ನೋದು ಹಡಿಯೋದು ಅನ್ನೋ ಅರ್ಥದಿಂದ ಬಂದದ್ದು. ಅಂದ್ರ ಗ್ರೀಕಿನ್ಯಾಗ ಅದು 'ತಾಯಿ' ಅಲ್ರಿ, 'ಹಡದಾಕಿ'. ನಮ್ಮ ಕಡಿ ಹಾಡಿನಾಗ ಹಡೆದವ್ವ ಅಂತೀವಲ್ಲ, ಅದ. ಲ್ಯಾಟಿನ್ನಿಗೆ ಹೋಗೋ ಹೊತ್ತಿಗೆ ಅದು ಮಾತೆರ್ ದೇಯಿ ಆತು, ದೇವರ ತಾಯಿ, ಅಲ್ಲಿಂದ ನಮ್ಮ ಕ್ಯಾಥೊಲಿಕ್ ಪ್ರಾರ್ಥನೆಯೊಳಗ 'ದೇವಮಾತೆ' ಆಗಿ ಕುಂತೈತಿ. ಅರ್ಥ ಒಂದ ಅಂತ ಅನಿಸಬಹುದು, ಖರೇ, ಆದ್ರ ಕನ್ನಡದಾಗ 'ತಾಯಿ' ಅಂದ್ರ ಹಡದಾಕಿ ಅಷ್ಟ ಅಲ್ಲ, ಯಲ್ಲಮ್ಮ ತಾಯಿ, ಭೂಮಿ ತಾಯಿ, ಭುವನೇಶ್ವರಿ ತಾಯಿ ಎಲ್ಲಾ ಬರ್ತಾರ. ಅದೂ ಅಲ್ಲದ ಹೈಸ್ಕೂಲಿನ್ಯಾಗ ಸಮಾಸ ಕಲಿಸಿದ ಮಾಸ್ತರು ನೆನಪಾದ್ರು ನನಗ. ದೇವಮಾತೆ ಅನ್ನೋದನ್ನ ಬಿಡಿಸ್ರಿ ನೋಡೋಣ. ದೇವರ ಮಾತೆ ಅಂದ್ರ ತತ್ಪುರುಷ, ದೇವತೆಯಾದ ಮಾತೆ ಅಂತ ಬಿಡಿಸಿದ್ರ ಕರ್ಮಧಾರಯ. ಕ್ಯಾಥೊಲಿಕ್ ಮಂದಿ ಹೇಳೋದು ತತ್ಪುರುಷ, ಮೆಥಡಿಸ್ಟ್ ಗೆಳೆಯನ ಕಿವಿಗೆ ಕೇಳೋದು ಕರ್ಮಧಾರಯ. ಅರ್ಧ ಜಗಳ ಇಲ್ಲೇ ಐತಿ ಅಂತ ನನ್ನ ಲೆಕ್ಕ. ಗ್ರೀಕಿನ್ಯಾಗೂ ಇಂಥಾ ಗಮ್ಮತ್ತು ಐತ್ರಿ, ಒತ್ತು 'ಟೋ' ಮ್ಯಾಲ ಹಾಕಿದ್ರ ದೇವರನ್ನ ಹಡದಾಕಿ, ಒತ್ತು ಒಂದ ಅಕ್ಷರ ಹಿಂದಕ್ಕ ಸರಿಸಿದ್ರ ದೇವರಿಂದ ಹುಟ್ಟಿದ್ದು, ಅಷ್ಟ ಸಣ್ಣದರಾಗ ಪೂರಾ ಉಲ್ಟಾ.

ಈ ಶಬ್ದ ಹೊಸಾದೇನಲ್ಲ, 324ರ ಸುಮಾರಿಗೆ ಅಲೆಕ್ಸಾಂಡ್ರಿಯಾದ ಬಿಷಪ್ ಅಲೆಕ್ಸಾಂಡರ್ ಪತ್ರದಾಗ ಸಹಜ ಅನ್ನಂಗ ಬಳಸ್ಯಾನ, ಅವನಿಗಿಂತ ಮೊದಲೂ ಈಜಿಪ್ತಿನ ಮಂದಿ ಬಾಯಾಗ ಇತ್ತು ಅಂತ ಕಾಣತೈತಿ. ತಂಟೆ ಚಾಲೂ ಆಗಿದ್ದು ನೂರು ವರ್ಷ ಆದ ಮ್ಯಾಲ. 428ರಾಗ ಕಾನ್‌ಸ್ಟಾಂಟಿನೋಪಲ್ ಅಂದ್ರ ಈಗಿನ ಇಸ್ತಾಂಬುಲ್, ಅಲ್ಲಿಗೆ ನೆಸ್ಟೋರಿಯಸ್ ಅಂತ ಹೊಸ ಆರ್ಚ್‌ಬಿಷಪ್ ಬಂದ. ಅಂತಿಯೋಕ್ಯ ಕಡಿ ಸನ್ಯಾಸಿ, ಪ್ರವಚನ ಹೇಳಾಕ ನಿಂತ್ರ ಮಂದಿ ಬಾಯಿ ತಕ್ಕೊಂಡ ಕೇಳತಿದ್ರಂತ. ಬಂದು ನೋಡ್ತಾನ, ಊರಾಗ ಎರಡು ಪಾರ್ಟಿ. ಒಂದು ಪಾರ್ಟಿ ದೇವರನ್ನ ಹಡದಾಕಿ ಅಂತೈತಿ, ಇನ್ನೊಂದು ಮನುಷ್ಯನ್ನ ಹಡದಾಕಿ ಅಂತೈತಿ. ಇವಂದು ನಡುವಿನ ದಾರಿ. ಎರಡೂ ಬ್ಯಾಡ, ಕ್ರಿಸ್ತನ್ನ ಹಡದಾಕಿ ಅನ್ರಿ, ಕ್ರಿಸ್ಟೋಟೋಕೋಸ್. ಕೇಳಾಕ ಎಷ್ಟ ಶಾಣ್ಯಾತನದ ತೀರ್ಪು ಅನಿಸ್ತೈತಿ ನೋಡ್ರಿ, ಪಂಚಾಯತಿ ಹಿರಿಯರು ಹೇಳಿದಂಗ. ಆದ್ರ ಅಲ್ಲೇ ಬೆಂಕಿ ಹತ್ತಿದ್ದು.

ನೆಸ್ಟೋರಿಯಸ್ಸನ ಹೆದರಿಕಿ ಏನಿತ್ತು ಅಂದ್ರ ದೇವರು ಅನಾದಿ, ಅವನಿಗೆ ಶುರು ಇಲ್ಲ, ಹುಟ್ಟು ಇಲ್ಲ, ಹಸಿವಿಲ್ಲ, ಸಾವಿಲ್ಲ. ಒಬ್ಬ ಹೆಣಮಗಳು ಅವನ್ನ ಹಡದ್ಲು ಅಂದ್ರ ಆಕಿ ದೇವರಿಗಿಂತ ಮೊದಲು ಇದ್ಲೇನು? ಎರಡ ಮೂರ ತಿಂಗಳ ಕೂಸನ್ನ ನಾ ದೇವರು ಅನ್ನಾಂವಲ್ಲ ಅಂತ ಅಂವ ಅಂದ ಅಂತ ಮುಂದ ಸಭೆಯೊಳಗ ಸಾಕ್ಷಿ ಹೇಳಿದ್ರು. ಮರಿಯಳಿಂದ ಹುಟ್ಟಿದ್ದು ಮನುಷ್ಯತ್ವ, ದೈವತ್ವ ಆಕಿಯಿಂದ ಬಂದಿದ್ದಲ್ಲ, ಎರಡನ್ನೂ ಕಲಸಬ್ಯಾಡ್ರಿ ಅಂತ ಅವನ ವಾದ. ನಮ್ಮ ಮೆಥಡಿಸ್ಟ್ ಗೆಳೆಯ ನೆವ್ರಿ ತಿನ್ಕೋತ ಅಂದದ್ದೂ ಹೆಚ್ಚು ಕಮ್ಮಿ ಇದನ್ನ, ಆದ್ರ ಅಂವ ನೆಸ್ಟೋರಿಯಸ್ಸನ ಹೆಸರ ಕೇಳಿರಲಿಲ್ಲ.

ಎದುರಿಗೆ ನಿಂತಾಂವ ಅಲೆಕ್ಸಾಂಡ್ರಿಯಾದ ಬಿಷಪ್ ಸಿರಿಲ್. ಮನಷ್ಯಾ ಭಾಳ ಜಿಗಟ, ರಾಜಕಾರಣ ಗೊತ್ತಿದ್ದಾಂವ, ನನಗಂತೂ ಅವನ ಸ್ವಭಾವ ಲೈಕ್ ಆಗಲಿಲ್ಲ. ಆದ್ರ ಅವನ ವಾದ ಗಟ್ಟಿ ಐತಿ, ಅದನ್ನ ಒಪ್ಪಲೇಬೇಕು. ಅಂವ ಈಜಿಪ್ತಿನ ಸನ್ಯಾಸಿಗಳಿಗೆ ಬರದ ಪತ್ರದಾಗ ಹೇಳೋದು ಇಷ್ಟ: ಯಾವ ತಾಯಿನೂ ಮಗುವಿನ ಆತ್ಮ ತಯಾರು ಮಾಡಂಗಿಲ್ಲ, ಅದು ದೇವರ ಕೆಲಸ, ಆಕಿಯಿಂದ ಬರೋದು ಮೈ. ಹಂಗಂತ ಆಕಿ ಬರೇ ಮೈಯನ್ನ ಹಡದ್ಲು ಅಂತ ಯಾರೂ ಅನ್ನಂಗಿಲ್ಲ, ಪೂರಾ ಮನಷ್ಯಾನ್ನ ಹಡದ್ಲು ಅಂತೀವಿ. ನಮ್ಮ ಮಾತಿನ್ಯಾಗ ಹೇಳಬೇಕಂದ್ರ ಯಾರೂ ತಮ್ಮವ್ವಗ 'ಏ ನನ್ನ ಮೈಯ ಅವ್ವಾ' ಅಂತ ಕರಿಯಂಗಿಲ್ಲ. ತಾಯಿ ಹಡಿಯೋದು ಒಬ್ಬ ವ್ಯಕ್ತಿನ್ನ, ದೈವತ್ವ ಇಲ್ಲಾ ಮನುಷ್ಯತ್ವ ಅನ್ನೋ ಒಂದು ಸ್ವಭಾವವನ್ನಲ್ಲ. ಮರಿಯಳ ಹೊಟ್ಟಿಯಿಂದ ಹೊರಗ ಬಂದಾಂವ ಯಾರು? ದೇವರ ಮಗ, ಅಂವನೂ ದೇವರ ಅಂತ ಒಪ್ಪಿದ್ರ ಆಕಿ ದೇವರನ್ನ ಹಡದಾಕಿ. ಇಲ್ಲಾ ಅಂದ್ರ ಹುಟ್ಟಿದಾಂವ ಬ್ಯಾರೆ, ದೇವರು ಬ್ಯಾರೆ ಅಂತಾತು, ಇಬ್ಬರು ಯೇಸುಗಳು ಆದ್ರು.

ಇದನ್ನ ತಿಳ್ಕೊಳ್ಳಾಕ ನಾ ಒಂದು ಉದಾಹರಣೆ ಹಾಕ್ಕೊಂಡಿದ್ದೆ. ಡಿಸಿ ಸಾಹೇಬ್ರ ಅವ್ವ ಅಂತೀವಿ. ಆಕಿ ಡಿಸಿ ಹುದ್ದೆ ಹಡದಿಲ್ಲ, ಆ ಹುದ್ದೆ ಸರ್ಕಾರ ಕೊಟ್ಟಿದ್ದು, ಆದ್ರೂ ಆಕಿ ಡಿಸಿ ಸಾಹೇಬ್ರ ಅವ್ವನ. ಭಾರಿ ಖುಷಿ ಆತು, ಕ್ಯಾಥೊಲಿಕ್ ಗೆಳೆಯಗ ಹೇಳಿದೆ, ಅಂವ ನಕ್ಕು 'ಇದನ್ನ ನಮ್ಮ ಫಾದರ್ ಮುಂದ ಹೇಳಬ್ಯಾಡ' ಅಂದ. ಯಾಕಂದ್ರ ಸಾಹೇಬ್ರು ಹುಟ್ಟಿದಾಗ ಡಿಸಿ ಇರಲಿಲ್ಲ, ಬರೇ ಕೂಸು, ಮುಂದ ಪರೀಕ್ಷೆ ಪಾಸಾಗಿ ಡಿಸಿ ಆದ್ರು. ಯೇಸುನೂ ಹಂಗ, ಮೊದಲ ಮನುಷ್ಯಾ ಆಗಿ ಹುಟ್ಟಿ ಆಮ್ಯಾಲ ದೇವರ ಪದವಿಗೆ ಏರಿದ ಅಂದ್ರ ಅದನ್ನ ಎಲ್ಲಾ ಚರ್ಚಿನವರೂ ತಪ್ಪು ಅಂತಾರ, ಕ್ಯಾಥೊಲಿಕ್ಕರೂ, ಮೆಥಡಿಸ್ಟರೂ, ನೆಸ್ಟೋರಿಯಸ್ಸನೂ ಸೈತ. ನನ್ನ ಉದಾಹರಣೆ ಮುರೀತು, ಆದ್ರ ಮುರದ ಜಾಗಾದಾಗನ ವಿಷಯ ತಿಳೀತು. ನೆಸ್ಟೋರಿಯಸ್ಸನ ಮಾತು ಹಂಗ ಬಿಟ್ರ ಈ ಡಿಸಿ ಲೆಕ್ಕಕ್ಕ ಹೋಗಿ ಮುಟ್ಟತೈತಿ ಅಂತನ ಸಿರಿಲ್ಲಗ ಸಂಶಯ ಇತ್ತು. ಸಿರಿಲ್ಲನ ಮಾತು ಹಂಗ ಬಿಟ್ರ ದೇವರು ಮನುಷ್ಯಾ ಎರಡೂ ಕಲಿಸಿದ ಹಿಟ್ಟಿನಂಗ ಆಗತೈತಿ ಅಂತ ನೆಸ್ಟೋರಿಯಸ್ಸಗ ಸಂಶಯ. ನೋಡ್ರಿ, ಇದರಾಗ ಮರಿಯಮ್ಮ ಎಲ್ಲದಾಳ? ಇಡೀ ವಾದ ಆಕಿ ಮಗನ ಬಗ್ಗೆ. ಆಕಿ ಹೆಸರು ಬರೇ ತಕ್ಕಡಿ.

ಮುಂದಿಂದು ಕೇಳಿದ್ರ ನಮ್ಮ ಯಾವದೋ ಸೊಸೈಟಿ ಎಲೆಕ್ಷನ್ ನೆನಪಾಗತೈತಿ. ಚಕ್ರವರ್ತಿ ಎರಡನೇ ಥಿಯೋಡೋಸಿಯಸ್ 431ರಾಗ ಎಫೆಸಸ್ ಊರಾಗ ಎಲ್ಲಾ ಬಿಷಪ್ಪರ ಸಭಾ ಕರದ. ಅಂತಿಯೋಕ್ಯದ ಜಾನ್ ಮತ್ತ ಅವನ ಕಡಿ ಬಿಷಪ್ಪರು, ಅಂದ್ರ ನೆಸ್ಟೋರಿಯಸ್ಸನ ದೋಸ್ತರು, ದಾರ್ಯಾಗ ಲೇಟಾದ್ರು. ಸಿರಿಲ್ ಕಾಯಲಿಲ್ಲ, ಜೂನ್ 22ಕ್ಕ ಸಭಾ ಚಾಲೂ ಮಾಡಿ, ಬರಾಕ ಒಲ್ಲೆ ಅಂದ ನೆಸ್ಟೋರಿಯಸ್ಸನ್ನ ಅವತ್ತ ದಿನಾನ ಪದವಿಯಿಂದ ಇಳಿಸಿಬಿಟ್ಟ. ಊರ ಮಂದಿ ಪಂಜು ಹಿಡ್ಕೊಂಡ ಬಿಷಪ್ಪರನ್ನ ಬಿಡಾರದ ತನಕ ಕಳಿಸಿ ಬಂದ್ರು ಅಂತ ಸಿರಿಲ್ಲನ ಪತ್ರದಾಗನ ಐತಿ. ನಾಕು ದಿನ ಬಿಟ್ಟು ಜಾನ್ ಬಂದ, ಬಂದಾಂವ ತನ್ನದ ಬ್ಯಾರೆ ಸಭಾ ಮಾಡಿ ಸಿರಿಲ್ಲನ್ನ, ಎಫೆಸಸ್ ಬಿಷಪ್ ಮೆಮ್ನೋನನ್ನ ಇಳಿಸಿದ. ಚಕ್ರವರ್ತಿಗೆ ತಲಿಕೆಟ್ಟು ಮೂರೂ ಮಂದಿನ್ನ ಇಳಿಸಿ ಕಾವಲದಾಗ ಇಟ್ಟ. ಆಮ್ಯಾಲ ಅಲೆಕ್ಸಾಂಡ್ರಿಯಾದಿಂದ ಅರಮನಿ ಮಂದಿಗೆ ಹೋದ ಕಾಣಿಕಿ ಪಟ್ಟಿ ಈಗೂ ಓದಾಕ ಸಿಗತೈತಿ, ಜಮಖಾನಿ ಏನು, ಹಸ್ತಿದಂತದ ಕುರ್ಚಿ ಏನು, ಬಂಗಾರ ಏನು. ಸಿರಿಲ್ ತಿರುಗಿ ತನ್ನ ಗಾದಿಗೆ ಹೋದ, ನೆಸ್ಟೋರಿಯಸ್ ಮೊದಲ ತನ್ನ ಹಳೇ ಮಠಕ್ಕ, ಆಮ್ಯಾಲ ಗಡೀಪಾರಾಗಿ ಈಜಿಪ್ತಿನ ಮರುಭೂಮಿಗೆ ಹೋಗಿ ಅಲ್ಲೇ ಸತ್ತ. ಈ ಕಥಿ ಓದಿ ಥಿಯೋಟೋಕೋಸ್ ಅನ್ನೋದು ಲಂಚದ ಶಬ್ದ ಅಂತ ಕೆಲವು ಮಂದಿ ಅಂತಾರ, ಅದೂ ಸರಿ ಅಲ್ಲ. ಯಾಕಂದ್ರ 433ರಾಗ ಇದ ಜಾನ್ ಮತ್ತ ಸಿರಿಲ್ ರಾಜಿ ಮಾಡ್ಕೊಂಡ್ರು, ಆ ರಾಜಿ ಪತ್ರದಾಗ ಜಾನ್‌ನ ಕಡಿಯವರು ಸೈತ ದೇವರನ್ನ ಹಡದಾಕಿ ಅನ್ನೋದನ್ನ ಒಪ್ಪಿದ್ರು, ಅದಕ್ಕ ಬದಲಿ ಸಿರಿಲ್ ಎರಡು ಸ್ವಭಾವ ಅನ್ನೋ ಅವರ ಮಾತಿಗೆ ಗೋಣು ಹಾಕಿದ.

ಇನ್ನೊಂದು ಮಾತು ಭಾಳ ಮಂದಿ ಹೇಳ್ತಾರ, ಎಫೆಸಸ್ ಊರು ಮೊದಲ ಅರ್ತೆಮಿ ದೇವಿದು, ಆ ದೇವಿನ ಮರಿಯ ಆದ್ಲು ಅಂತ. ಊರು ಅರ್ತೆಮಿದು ಹೌದು, ಬೈಬಲ್ಲಿನ ಅಪೊಸ್ತಲರ ಕೃತ್ಯಗಳೊಳಗ 19ನೇ ಅಧ್ಯಾಯದಾಗ ಆ ಗದ್ಲದ ಕಥಿನ ಐತಿ. ಆದ್ರ ಶಬ್ದ ಎಫೆಸಸ್‌ದಾಗ ಹುಟ್ಟಿದ್ದಲ್ಲ, ನೂರು ವರ್ಷ ಮೊದಲ ಈಜಿಪ್ತಿನ್ಯಾಗ ಚಾಲ್ತಿ ಇತ್ತು ಅಂತ ಮ್ಯಾಲ ಹೇಳೀನಲ್ಲ.

ನೆಸ್ಟೋರಿಯಸ್ಸನ ಪಾಲಿಗೆ ಇನ್ನೊಂದು ತಿರುವು ಐತ್ರಿ. 1895ರಾಗ ಕುರ್ದಿಸ್ತಾನದಾಗ ಸಿರಿಯಾಕ್ ಭಾಷೆಯೊಳಗ ಅವನ ಪುಸ್ತಕ ಒಂದು ಸಿಕ್ತು, ಅಲ್ಲೀತನಕ ಅವನ ಮಾತು ಮಂದಿಗೆ ಹೆಚ್ಚಾಗಿ ಗೊತ್ತಿದ್ದದ್ದು ವೈರಿಗಳ ಬಾಯಿಂದ. ಅದನ್ನ ಓದಿದ ಪಂಡಿತರೊಳಗ ಕೆಲವರು ಅಂವ ಮಂದಿ ಅಂದಷ್ಟು ನೆಸ್ಟೋರಿಯನ್, ಅಂದ್ರ ಯೇಸುನ್ನ ಇಬ್ಬರು ಮಾಡಾಂವ, ಇರಲೇ ಇಲ್ಲ ಅಂದ್ರು, ಕೆಲವರು ಇಲ್ಲ ಇದ್ದ ಅಂದ್ರು.

ಈಗ ಯಾರ್ಯಾರು ಎಲ್ಲೆಲ್ಲಿ ನಿಂತಾರ ನೋಡೋಣ. ಕ್ಯಾಥೊಲಿಕ್ಕರು, ಗ್ರೀಕ್ ರಷ್ಯನ್ ಆರ್ಥೊಡಾಕ್ಸ್ ಮಂದಿ ಎಫೆಸಸ್ ಸಭೆ ಪೂರಾ ಒಪ್ಪತಾರ. 451ರಾಗ ಕಾಲ್ಸಿಡೋನ್ ಸಭೆ ಆತಲ್ಲ, ಅಲ್ಲಿ ಒಂದ ವ್ಯಕ್ತಿ ಎರಡು ಸ್ವಭಾವ ಅಂತ ಬರದ್ರು, ಅದು ಸೇರಲಾರದ ಕಾಪ್ಟಿಕ್, ಅರ್ಮೇನಿಯನ್, ಸಿರಿಯನ್ ಚರ್ಚಿನವರು ಬ್ಯಾರೆ ಹೋದ್ರು, ಕೇರಳದ ಮಲಂಕರ ಆರ್ಥೊಡಾಕ್ಸರೂ ಆ ಗುಂಪಿನವರ. ಆದ್ರ ಅವರು ಬ್ಯಾರೆ ಹೋಗಿದ್ದು ಸ್ವಭಾವದ ಲೆಕ್ಕಕ್ಕ, ಹಡದಾಕಿ ಲೆಕ್ಕಕ್ಕ ಅಲ್ಲ, ಸಿರಿಲ್ ಅಂದ್ರ ಅವರಿಗೆ ಜೀವ. ಈ ಹೆಸರಿಗೆ ಖರೇನ ಬ್ಯಾಡ ಅಂದವರು ಒಂದ ಚರ್ಚಿನವರು, ಪರ್ಷಿಯಾ ಕಡಿಯ ಪೂರ್ವದ ಅಸ್ಸೀರಿಯನ್ ಚರ್ಚು. ಅವರು ಆಗೂ ಈಗೂ ಕ್ರಿಸ್ತನ ತಾಯಿ ಅಂತಾರ. ದೂರದ ಮಂದಿ ಅನಬ್ಯಾಡ್ರಿ, ತ್ರಿಶೂರ್‌ದಾಗ ಅವರ ಚರ್ಚು ಐತಿ, ಕ್ಯಾಲ್ಡಿಯನ್ ಸಿರಿಯನ್ ಚರ್ಚ್ ಅಂತ ಹೆಸರು. 1994ರ ನವೆಂಬರ್ 11ಕ್ಕ ಪೋಪ್ ಎರಡನೇ ಜಾನ್ ಪಾಲ್ ಮತ್ತ ಅಸ್ಸೀರಿಯನ್ ಪೇಟ್ರಿಯಾರ್ಕ್ ನಾಲ್ಕನೇ ಮಾರ್ ದಿಂಖಾ ಇಬ್ಬರೂ ಕೂಡಿ ಒಂದು ಹೇಳಿಕಿಗೆ ಸಹಿ ಹಾಕಿದ್ರು. ನೀವು ದೇವರ ತಾಯಿ ಅಂತೀರಿ, ನಾವು ನಮ್ಮ ದೇವರೂ ರಕ್ಷಕನೂ ಆದ ಕ್ರಿಸ್ತನ ತಾಯಿ ಅಂತೀವಿ, ನಂಬಿಕಿ ಒಂದ, ಎರಡೂ ಮಾತು ಸರಿ, ಅನ್ನೋದು ಅದರ ತಾತ್ಪರ್ಯ. 1563 ವರ್ಷ ಬೇಕಾತು ಇಷ್ಟಕ್ಕ!

ಇನ್ನ ಪ್ರಾಟೆಸ್ಟಂಟರು. ಇಲ್ಲಿ ನನಗ ಆಶ್ಚರ್ಯ ಆತು ಖರೇ ಹೇಳ್ತೀನಿ. ಪ್ರಾಟೆಸ್ಟಂಟರು ಅಂದ್ರ ದೇವರ ತಾಯಿ ಅನ್ನೋದನ್ನ ಮೊದಲಿಂದನೂ ಬಿಟ್ಟವರು ಅಂತ ನಾ ತಿಳ್ಕೊಂಡಿದ್ದೆ. ಆದ್ರ ಪ್ರಾಟೆಸ್ಟಂಟ್ ಪಂಥ ಚಾಲೂ ಮಾಡಿದ ಮಾರ್ಟಿನ್ ಲೂಥರ್ 1521ರಾಗ ಮರಿಯಳ ಸ್ತುತಿಗೀತದ ಮ್ಯಾಲ ಬರಕೋತ, ಆಕಿಗೆ ಸಲ್ಲೋ ಮರ್ಯಾದಿ ಎಲ್ಲಾ ದೇವರ ತಾಯಿ ಅನ್ನೋ ಒಂದ ಮಾತಿನ್ಯಾಗ ಅಡಕ ಆಗೈತಿ ಅಂತ ಹೇಳ್ಯಾನ. ಲೂಥರನ್ನರ 1577ರ ಒಪ್ಪಂದ ಪತ್ರದಾಗೂ ಆಕಿ ಖರೇನ ದೇವರ ತಾಯಿ ಅಂತ ಐತಿ. ಇನ್ನೊಬ್ಬ ಪ್ರಾಟೆಸ್ಟಂಟ್ ಗುರು ಕ್ಯಾಲ್ವಿನ್ ಬ್ಯಾರೆ. ಅಂವ ಎಫೆಸಸ್‌ನ ತಪ್ಪು ಅನ್ನಂಗಿಲ್ಲ, ಆದ್ರ ಚರ್ಚಿನೊಳಗ ದಿನಾ ಈ ಮಾತು ಅಂದ್ರ ತಿಳಿಲಾರದ ಮಂದಿಯ ಮೂಢನಂಬಿಕಿ ಗಟ್ಟಿ ಆಗತೈತಿ ಅಂತ ಪತ್ರ ಬರದಾನ. ಇನ್ನ ಮೆಥಡಿಸ್ಟರ ಮೂಲಪುರುಷ ಜಾನ್ ವೆಸ್ಲಿ, 1749ರಾಗ ಒಬ್ಬ ಕ್ಯಾಥೊಲಿಕ್ಕಗ ಬರದ ಪತ್ರದಾಗ ಮರಿಯ ಯೇಸುನ್ನ ಹಡಿಯೋಕಿಂತ ಮೊದಲೂ, ಹಡದ ಮ್ಯಾಲೂ ಕನ್ಯೆಯಾಗೇ ಉಳದ್ಲು ಅಂತ ತಾನು ನಂಬತೀನಿ ಅಂದಾನ! ನಮ್ಮ ಮೆಥಡಿಸ್ಟ್ ಗೆಳೆಯಗ ಇದನ್ನ ಹೇಳಿದ್ರ 'ಸುಳ್ಳ ಹೇಳಬ್ಯಾಡಲೇ, ಯೇಸುಗ ತಮ್ಮಂದ್ರು ಇದ್ರು, ಮತ್ತಾಯನ 13ನೇ ಅಧ್ಯಾಯ ತಗದ ನೋಡು, ಯಾಕೋಬ, ಯೋಸೇಫ, ಸೀಮೋನ, ಯೂದ, ಹೆಸರು ಸೈತ ಅದಾವ' ಅಂದ. ಅದಾವ, ಹೌದು. ಕ್ಯಾಥೊಲಿಕ್ಕರು ಅವರನ್ನ ಸಂಬಂಧಿಕರು ಅಂತಾರ, ಆರ್ಥೊಡಾಕ್ಸರು ಯೋಸೇಫನ ಮೊದಲನೇ ಹೆಂಡತಿ ಮಕ್ಕಳು ಅಂತಾರ, ಈಗಿನ ಪ್ರಾಟೆಸ್ಟಂಟರೊಳಗ ಭಾಳ ಮಂದಿ ಮರಿಯಳ ಮಕ್ಕಳ ಅಂತಾರ.

ನಮ್ಮ ಬೆಳಗಾವಿನ ನೋಡ್ರಿ. ಕ್ಯಾಥೊಲಿಕ್ಕರ ಕೆಥೆಡ್ರಲ್ಲು ಫಾತಿಮಾ ಮಾತೆ ಹೆಸರಿಂದು, ಊರು 1953ರಿಂದ ಧರ್ಮಪ್ರಾಂತ್ಯ, ಅಂದ್ರ ಬಿಷಪ್ಪರ ಕೇಂದ್ರ. ಕ್ಯಾಂಪಿನ್ಯಾಗ ಬ್ರಿಟಿಷರ ಕಾಲದ ಸೇಂಟ್ ಮೇರೀಸ್ ಚರ್ಚು ಐತಿ, ಅದು ಪ್ರಾಟೆಸ್ಟಂಟರದ್ದು, ಹೆಸರು ಮಾತ್ರ ಮೇರಿದ. ಲಂಡನ್ ಮಿಷನ್ನಿನವರು 1820ರಾಗ ಇಲ್ಲಿಗೆ ಬಂದ್ರು, ಅವರ ಕೆಲಸ ಮುಂದ ಮೆಥಡಿಸ್ಟರ ಕೈಗೆ ಹೋತು. ಒಂದ ಊರಾಗ ಇಬ್ಬರ ಕನ್ನಡನೂ ಬ್ಯಾರೆ. ಕ್ಯಾಥೊಲಿಕ್ಕರು ಶುಭಸಂದೇಶ ಅಂತಾರ, ಪ್ರಾಟೆಸ್ಟಂಟರು ಸುವಾರ್ತೆ ಅಂತಾರ. ಕ್ಯಾಥೊಲಿಕ್ ಬೈಬಲ್ಲಿನ್ಯಾಗ ಯೇಸು 'ಹೇಳಿದರು', ಪ್ರಾಟೆಸ್ಟಂಟರ ಹಳೇ ಬೈಬಲ್ಲಿನ್ಯಾಗ ಯೇಸು 'ಹೇಳಿದನು'. ಕೊಂಕಣಿ ಅಜ್ಜಿಗಳಿಗೆ ಆಕಿ ಸಾಯ್ಬಿಣ್ ಮಾಯ್, ಪ್ರಾಟೆಸ್ಟಂಟ್ ಪಾಸ್ಟರ್ ಬಾಯಾಗ ಬರೇ ಮರಿಯಳು. ಒಂದು ಕಡಿ ರೀ ಹಚ್ಚಿ ಮಾತು, ಇನ್ನೊಂದು ಕಡಿ ಏಕವಚನ, ದೇವರಿಗೆ ಏಕವಚನ ಹಚ್ಚೋದು ಕನ್ನಡದಾಗ ಭಕ್ತಿನ ಆದ್ರೂ ಕೇಳೋ ಕಿವಿಗೆ ಚುಚ್ಚತೈತಿ.

ಈಗ ಎರಡನೇ ಜಗಳ. ಇದು ಹೆಸರಿಂದಲ್ಲ, ಹೆಸರು ಹಿಡಕೊಂಡು ಏನ್ ಮಾಡ್ತೀರಿ ಅನ್ನೋದರದ್ದು. ಜಪಸರ ಹಿಡ್ಕೊಂಡು 'ದೇವಮಾತೆಯೇ, ಪಾಪಿಗಳಾದ ನಮಗಾಗಿ ಪ್ರಾರ್ಥಿಸಿ' ಅಂತ ಕೇಳಬೇಕೋ ಬ್ಯಾಡೋ? ಕ್ಯಾಥೊಲಿಕ್ ಗೆಳೆಯ ಹೇಳೋದು, ನಾವು ಆಕಿನ್ನ ಆರಾಧನೆ ಮಾಡಂಗಿಲ್ಲ, ಆರಾಧನೆ ದೇವರಿಗಷ್ಟ, ಆಕಿಗೆ ಗೌರವ, ನಮ್ಮ ಸಲುವಾಗಿ ಮಗನ ಮುಂದ ಒಂದು ಮಾತು ಹೇಳವ್ವಾ ಅಂತ ಕೇಳ್ತೀವಿ, ನಿಮ್ಮ ಸಲುವಾಗಿ ಪ್ರಾರ್ಥನೆ ಮಾಡ್ರಿ ಅಂತ ಪಾಸ್ಟರ್‌ಗ ನೀವು ಕೇಳಂಗಿಲ್ಲೇನು? ಕಾನಾ ಊರಿನ ಲಗ್ನದಾಗ ದ್ರಾಕ್ಷಾರಸ ಖಾಲಿ ಆದಾಗ ಮಗಗ ಹೇಳಿದಾಕಿ ಯಾರು? ಮೆಥಡಿಸ್ಟ್ ಗೆಳೆಯ ಬಿಡಂಗಿಲ್ಲ. ಪಾಸ್ಟರ್ ಬದಕ್ಯಾನ, ಕೇಳ್ತಾನ. ದೇವರಿಗೂ ಮನುಷ್ಯರಿಗೂ ಮಧ್ಯಸ್ಥ ಒಬ್ಬನ, ಅಂವ ಯೇಸು, ತಿಮೊಥೆಯನಿಗೆ ಬರದ ಮೊದಲನೇ ಪತ್ರ ಎರಡನೇ ಅಧ್ಯಾಯ. ಮತ್ತ ಲೂಕ 11ರಾಗ ಒಬ್ಬಾಕಿ ನಿನ್ನನ್ನ ಹೊತ್ತ ಗರ್ಭ ಧನ್ಯ ಅಂದಾಗ ಯೇಸು ಏನಂದ, ದೇವರ ವಾಕ್ಯ ಕೇಳಿ ನಡಿಯೋರು ಅದಕ್ಕಿಂತ ಧನ್ಯರು ಅಂದ. ಅದಕ್ಕ ಇಂವ, ಲೂಕ 1ರಾಗ ಎಲಿಸಬೇತ ನನ್ನ ಪ್ರಭುವಿನ ತಾಯಿ ಅಂದಾಳಲ್ಲ? ಅದಕ್ಕ ಅಂವ, ಪ್ರಭುವಿನ ತಾಯಿ ಅಂದಾಳ, ಮುಂದ ಮೇಣಬತ್ತಿ ಹಚ್ಚಿಲ್ಲಲ್ಲ? ಹಿಂಗ ಚಾ ಆರೋ ತನಕ.

ಈ ಹೆದರಿಕಿನೂ ಹಳೇದ. 370ರ ದಶಕದಾಗ ಸೈಪ್ರಸ್ಸಿನ ಬಿಷಪ್ ಎಪಿಫೇನಿಯಸ್ ಬರದಾನ, ಅರೇಬಿಯಾ ಕಡಿ ಕೆಲವು ಹೆಣಮಕ್ಕಳು ಮರಿಯಳ ಹೆಸರಿಲೆ ರೊಟ್ಟಿ ನೈವೇದ್ಯ ಮಾಡ್ತಾರಂತ, ತಪ್ಪು ಅದು, ಮರಿಯಳಿಗೆ ಮರ್ಯಾದಿ ಇರಲಿ, ಆರಾಧನೆ ತಂದೆ ಮಗ ಪವಿತ್ರಾತ್ಮಗ ಅಷ್ಟ ಅಂತ. ಇದು ಎಫೆಸಸ್‌ಕಿಂತ ಐವತ್ತು ವರ್ಷ ಮೊದಲಿನ ಮಾತು. ಆ ಗೆರಿ ಎಲ್ಲರೂ ಒಪ್ಪಿದ್ದ, ಗೆರಿ ಯಾವ ಜಾಗಾಕ್ಕ ಬೀಳತೈತಿ ಅನ್ನೋದರ ಮ್ಯಾಲ ತಂಟೆ. ಕ್ಯಾಥೊಲಿಕ್ಕರು ಮುಂದ 1854ರಾಗ ಆಕಿ ತನ್ನ ತಾಯಿ ಹೊಟ್ಟ್ಯಾಗ ಪಾಪದ ಕಲೆ ಇಲ್ಲದಂಗ ಮೂಡಿದ್ಲು ಅಂತ, 1950ರಾಗ ಆಕಿ ದೇಹ ಸಮೇತ ಸ್ವರ್ಗಕ್ಕ ಹೋದ್ಲು ಅಂತ ಸಿದ್ಧಾಂತ ಮಾಡಿದ್ರು. 1854ರದ್ದನ್ನ ಆರ್ಥೊಡಾಕ್ಸರೂ ಒಪ್ಪಂಗಿಲ್ಲ, ಅವರು ಮರಿಯಮ್ಮನ್ನ ತಲಿ ಮ್ಯಾಲ ಹೊತ್ತ ಮೆರಿಸೋ ಮಂದಿ, ಅದನ್ನ ನೆನಪಿಡ್ರಿ. ಪ್ರಾಟೆಸ್ಟಂಟರು ಎರಡೂ ಬೈಬಲ್ಲಿನ್ಯಾಗ ಎಲ್ಲೈತಿ ತೋರಸ್ರಿ ಅಂತಾರ. ದೇವಮಾತೆ ಅನ್ನೋ ಹೆಸರು ಕೇಳಿದ ಕೂಡ್ಲೇ ಅವರ ತಲ್ಯಾಗ ಈ ಎರಡೂ, ಜಪಸರ, ತೇರು, ಎಲ್ಲಾ ಒಮ್ಮೆಲೆ ಬರ್ತಾವ, ಸಿರಿಲ್ಲೂ ಬರಂಗಿಲ್ಲ ನೆಸ್ಟೋರಿಯಸ್ಸೂ ಬರಂಗಿಲ್ಲ. ಅದಕ್ಕ ಅವರನ್ನ ನೆಸ್ಟೋರಿಯನ್ನರು ಅಂತ ಬಯ್ಯೋದು ಪುಕ್ಕಟೆ ಜಗಳ.

ಕ್ಯಾಥೊಲಿಕ್ಕರ ಒಳಗೂ ಎಲ್ಲಾ ಹೆಸರು ನಡಿಯಂಗಿಲ್ಲ. ಮರಿಯಮ್ಮನ್ನ ಸಹ ವಿಮೋಚಕಿ ಅಂತ ಅಧಿಕೃತ ಘೋಷಣೆ ಮಾಡ್ರಿ ಅಂತ ಎಷ್ಟೋ ವರ್ಷದಿಂದ ಒಂದು ಗುಂಪು ಒತ್ತಾಯ ಮಾಡ್ಕೋತ ಬಂದಿತ್ತು, 2025ರ ನವೆಂಬರ್‌ದಾಗ ವ್ಯಾಟಿಕನ್ ಆ ಹೆಸರು ಬಳಸೋದು ಸೂಕ್ತ ಅಲ್ಲ ಅಂತ ಬರದು ತಿಳಿಸ್ತು, ಯಾಕಂದ್ರ ಅದು ಮಗನ ಕೆಲಸವನ್ನ ಮರೆ ಮಾಡತೈತಿ ಅಂತ. ದೇವರ ತಾಯಿ ಅನ್ನೋದನ್ನ ಮಾತ್ರ ಮುಟ್ಟಿಲ್ಲ.

ಮೊನ್ನೆ ನಾ ಇಬ್ಬರನ್ನೂ ಕುಂಡ್ರಿಸ್ಕೊಂಡು ಕೇಳಿದೆ, ದೇವಮಾತೆ ಬಿಡ್ರಿ, ದೇವರನ್ನ ಹಡದಾಕಿ ಅಂದ್ರ ಹೆಂಗ? ಕ್ಯಾಥೊಲಿಕ್ ಗೆಳೆಯ ಅರ್ಥ ಅದ ಐತಿ, ಆದ್ರ ಪ್ರಾರ್ಥನೆಯೊಳಗ ಅಂದ್ರ ನಮ್ಮ ಅಜ್ಜಿ ಬಡೀತಾಳ ಅಂದ. ಮೆಥಡಿಸ್ಟ್ ಗೆಳೆಯ ಸ್ವಲ್ಪ ಹೊತ್ತು ವಿಚಾರ ಮಾಡಿ, ಹುಟ್ಟಿದಾಂವ ದೇವರ ಅಂತ ನಂಬತೀನಿ, ಆಕಿ ಹಡದಾಳ ಅಂತನೂ ನಂಬತೀನಿ, ಹಂಗಾರ ಅನ್ನಬೌದು, ಆದ್ರ ವೆಸ್ಲಿದ್ದು ಮಾತ್ರ ನಾ ನಂಬಂಗಿಲ್ಲ, ಪಾಸ್ಟರ್‌ಗ ಕೇಳಿ ಹೇಳ್ತೀನಿ ಅಂದ. ಇನ್ನೂ ಕೇಳಿಲ್ಲ.